ಹಳದಿ ಗೋಡೆಯನ್ನು ಎಲ್ಲಿಂದ ನೋಡಬೇಕು: ಡಾರ್ಟ್‌ಮುಂಡ್ ಕ್ರೀಡಾಂಗಣದ ವಿಮರ್ಶೆ

ಯುರೋಪಿನಲ್ಲಿ ಒಂದೇ ಒಂದು ಫುಟ್‌ಬಾಲ್ ಕ್ಲಬ್ ಪಂದ್ಯ ನೋಡಲು ಸಾಧ್ಯವಿದ್ದರೆ ಅದು ಡಾರ್ಟ್‌ಮುಂಡ್‌ನಲ್ಲೇ ಆಗಲಿ. ಬೊರೂಸಿಯಾ ಡಾರ್ಟ್‌ಮುಂಡ್ ತಂಡದ ಈ ಕ್ರೀಡಾಂಗಣ ಜರ್ಮನಿಯಲ್ಲೇ ಅತಿ ದೊಡ್ಡದು. ಜರ್ಮನಿಯ ಅಗ್ರ ಲೀಗ್ ಆದ ಬುಂಡೆಸ್‌ಲೀಗಾದ ಪಂದ್ಯಕ್ಕೆ 81,365 ಮಂದಿ ಹಿಡಿಸುತ್ತದೆ. ಅವರಲ್ಲಿ 24,454 ಮಂದಿ ದಕ್ಷಿಣದ ಒಂದೇ ಸ್ಟ್ಯಾಂಡಿನಲ್ಲಿ ನಿಂತುಕೊಂಡೇ ಆಟ ನೋಡುತ್ತಾರೆ. ಬೆಂಗಳೂರಿನ ಕಂಠೀರವ ಕ್ರೀಡಾಂಗಣ ಪೂರ್ತಿ ತುಂಬಿದರೆ ಎಷ್ಟು ಜನವೋ ಹೆಚ್ಚುಕಡಿಮೆ ಅಷ್ಟು ಜನ ಒಂದು ಗೋಲಿನ ಹಿಂದೆ, ಒಂದೇ ಬಣ್ಣದಲ್ಲಿ. ಹಳದಿ ಗೋಡೆ ಎಂಬ ಹೆಸರು ಬಂದದ್ದು ಅದರಿಂದ.

ದೂರದಿಂದ ಬರುವವರಲ್ಲಿ ಬಹಳಷ್ಟು ಮಂದಿ ಈ ಗೋಡೆಯೊಳಗೇ ಒಂದು ಟಿಕೆಟ್ ಬೇಕೆಂದು ತಿಂಗಳುಗಟ್ಟಲೆ ಹುಡುಕುತ್ತಾರೆ. ಸಿಗದಿದ್ದರೆ ಅನಧಿಕೃತ ಮರುಮಾರಾಟದ ತಾಣಗಳಲ್ಲಿ ಹಲವು ಪಟ್ಟು ದುಡ್ಡು ಸುರಿಯುತ್ತಾರೆ. ಅದು ಬೇಡ. ಗೋಡೆಯೊಳಗೆ ನಿಂತವರಿಗೆ ಗೋಡೆ ಕಾಣುವುದಿಲ್ಲ. ಮೊದಲ ಸಲ ಹೋಗುವವರು ಅದನ್ನು ಎದುರಿನಿಂದಲೋ ಪಕ್ಕದಿಂದಲೋ ನೋಡುವ ಆಸನ ಹಿಡಿಯಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಯಾವ ಆಸನ, ಯಾಕೆ ಎಂಬುದು ಮುಂದೆ ಇದೆ. ಅದಕ್ಕೆ ಮೊದಲು ತಾರೀಖಿನ ವಿಚಾರ ನೋಡೋಣ, ಯಾಕೆಂದರೆ ಇಂಥ ಪ್ರವಾಸ ಕೆಡುವುದು ಹೆಚ್ಚಾಗಿ ಅಲ್ಲೇ.

ತಾರೀಖು, ವೀಸಾ, ವಿಮಾನ

ಬುಂಡೆಸ್‌ಲೀಗಾದ ವೇಳಾಪಟ್ಟಿ ಅಲ್ಲಿನ ಬೇಸಿಗೆಯಲ್ಲಿ ಹೊರಬಿದ್ದಾಗ ಯಾವ ವಾರಾಂತ್ಯದಲ್ಲಿ ಯಾರ ಎದುರು ಆಟ ಎಂಬುದಷ್ಟೇ ಗೊತ್ತಾಗುತ್ತದೆ. ಶುಕ್ರವಾರವೋ ಶನಿವಾರವೋ ಭಾನುವಾರವೋ ಎಂಬುದನ್ನು ಲೀಗ್ ಆಮೇಲೆ, ಹಲವು ಸುತ್ತುಗಳಿಗೆ ಒಟ್ಟಿಗೆ, ಕೆಲವು ವಾರ ಮುಂಚೆ ನಿಗದಿ ಮಾಡುತ್ತದೆ. ಶುಕ್ರವಾರವಾದರೆ ರಾತ್ರಿ 8.30, ಶನಿವಾರ ಮಧ್ಯಾಹ್ನ 3.30 ಇಲ್ಲವೇ ಸಂಜೆ 6.30, ಭಾನುವಾರ 3.30, 5.30 ಅಥವಾ 7.30. ಇಷ್ಟರಲ್ಲಿ ಯಾವುದು ಬೇಕಾದರೂ ಬರಬಹುದು. ಶನಿವಾರ ಎಂದು ನಂಬಿ ಭಾನುವಾರ ಬೆಳಿಗ್ಗೆಯ ವಿಮಾನಕ್ಕೆ ಟಿಕೆಟ್ ಮಾಡಿಸಿದರೆ ಆಟವೇ ತಪ್ಪಿಹೋಗುತ್ತದೆ. ಬೇಗ ಬುಕ್ ಮಾಡಲೇಬೇಕಾದವರು ಗುರುವಾರ ರಾತ್ರಿಯೊಳಗೆ ಊರು ಸೇರಿ, ಸೋಮವಾರ ಮಧ್ಯಾಹ್ನದ ಮೇಲೆ ಹೊರಡುವ ಹಾಗೆ ಇಟ್ಟುಕೊಳ್ಳಿ.

ದಿನವನ್ನು ಸ್ವಲ್ಪ ಮಟ್ಟಿಗೆ ಊಹಿಸುವುದಕ್ಕೂ ದಾರಿಯಿದೆ. ಡಾರ್ಟ್‌ಮುಂಡ್‌ಗೆ ಮಂಗಳವಾರ ಯುರೋಪಿನ ಕ್ಲಬ್ಬುಗಳ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್ ಪಂದ್ಯವಿದ್ದರೆ ಅದರ ಹಿಂದಿನ ಭಾನುವಾರ ಲೀಗ್ ಪಂದ್ಯ ಹಾಕುವುದು ಅಪರೂಪ. ಬುಧವಾರ ಆಡಿದ ತಂಡವನ್ನು ಶುಕ್ರವಾರ ಮತ್ತೆ ಇಳಿಸುವುದಿಲ್ಲ. ಎದುರಾಳಿ ತಂಡ ಗುರುವಾರ ಅದರ ಕೆಳಗಿನ ಟೂರ್ನಿಯಾದ ಯುರೋಪಾ ಲೀಗ್ ಆಡುತ್ತಿದ್ದರೆ ಅವರ ಮುಂದಿನ ಆಟ ಭಾನುವಾರವೇ. ಯಾವ ಅನುಮಾನವೂ ಇಲ್ಲದ ತಾರೀಖು ಒಂದೇ: 34ನೆಯ, ಅಂದರೆ ಕೊನೆಯ ಸುತ್ತು. ಅಂದು ಒಂಬತ್ತೂ ಪಂದ್ಯಗಳು ಶನಿವಾರ 3.30ಕ್ಕೆ ಏಕಕಾಲದಲ್ಲಿ ಶುರುವಾಗುತ್ತವೆ. ಆದರೆ ಟಿಕೆಟ್ ಸಿಗುವುದು ಅತಿ ಕಷ್ಟದ ದಿನಗಳಲ್ಲಿ ಅದೂ ಒಂದು. ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್, ಮಾರ್ಚ್ ತಿಂಗಳುಗಳಲ್ಲಿ ದೇಶ ದೇಶಗಳ ಪಂದ್ಯಗಳಿಗಾಗಿ ಲೀಗ್ ನಿಲ್ಲುತ್ತದೆ. ಕ್ರಿಸ್‌ಮಸ್ ಹೊತ್ತಿಗೂ ಚಳಿಗಾಲದ ಬಿಡುವು ಇರುತ್ತದೆ. ಇಂಗ್ಲೆಂಡಿನಂತೆ ಡಿಸೆಂಬರ್ 26ಕ್ಕೆ ಇಲ್ಲಿ ಆಟ ಇರುವುದಿಲ್ಲ.

ಜರ್ಮನಿಗೆ ಬೇಕಾದ ಷೆಂಗೆನ್ ವೀಸಾಕ್ಕೆ ಹೊರಡುವ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಕಡೇಪಕ್ಷ 15 ದಿನ ಮೊದಲಾದರೂ ಹಾಕಿರಬೇಕು. ಶುಲ್ಕ 90 ಯೂರೋ. ಪ್ರವಾಸದ ವಿಮೆ ಕನಿಷ್ಠ 30,000 ಯೂರೋಗಳದ್ದಾಗಿರಬೇಕು. ಕರ್ನಾಟಕದವರು ಜರ್ಮನಿಯ ಅರ್ಜಿಯನ್ನು ಬೆಂಗಳೂರಿನಲ್ಲಿ ವೀಸಾ ಅರ್ಜಿ ಪಡೆಯುವ ವಿಎಫ್‌ಎಸ್ ಕೇಂದ್ರದಲ್ಲೇ ಕೊಡಬಹುದು. ಪಂದ್ಯದ ಟಿಕೆಟ್ ಕೈಗೆ ಬಂದ ಮೇಲೆ ವೀಸಾ ಎಂದು ಕಾಯಬೇಡಿ. ಟಿಕೆಟ್ ಕೊನೆಯ ವಾರಗಳಲ್ಲಿ ಬರುವಂಥದ್ದು, ವೀಸಾದ ಸಂದರ್ಶನದ ದಿನಾಂಕವೋ ಬೇಸಿಗೆ ರಜೆಯ ಹೊತ್ತಿನಲ್ಲಿ ಸುಲಭಕ್ಕೆ ಸಿಗದು.

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನವಿದೆ. ಅಲ್ಲಿನ ವಿಮಾನ ನಿಲ್ದಾಣಕ್ಕೇ ದೂರಪ್ರಯಾಣದ ರೈಲು ನಿಲ್ದಾಣ ಅಂಟಿಕೊಂಡಿದೆ. ಐಸಿಇ ಎಂಬ ವೇಗದ ರೈಲಿನಲ್ಲಿ ಡಾರ್ಟ್‌ಮುಂಡ್ ಎರಡು ಗಂಟೆಗೆ ಮೇಲ್ಪಟ್ಟ ದಾರಿ. ಮುಂಗಡವಾಗಿ ಕೊಂಡರೆ ಅಗ್ಗವಾಗುವ ಸ್ಪಾರ್‌ಪ್ರೈಸ್ ಟಿಕೆಟ್ ಒಂದೇ ರೈಲಿಗೆ ಕಟ್ಟುಬಿದ್ದಿರುತ್ತದೆ, ಇದನ್ನು ಮರೆಯಬಾರದು. ಊರು ತಲುಪುವುದು 20 ನಿಮಿಷಕ್ಕಿಂತ ತಡವಾಗುತ್ತದೆ ಎಂದು ರೈಲ್ವೆಯೇ ಹೇಳಿದರೆ ಆ ಕಟ್ಟು ಸಡಿಲವಾಗುತ್ತದೆ, ಬೇರೆ ರೈಲು ಹತ್ತಬಹುದು. ನಿಮ್ಮ ವಿಮಾನ ತಡವಾದದ್ದಕ್ಕೆ ಮಾತ್ರ ಆ ರಿಯಾಯಿತಿ ಇಲ್ಲ. ಪಾಸ್‌ಪೋರ್ಟ್ ಸರತಿ, ಸಾಮಾನು ಎಲ್ಲ ಸೇರಿ ವಿಮಾನ ಇಳಿಯುವ ಹೊತ್ತಿಗೂ ರೈಲಿಗೂ ಮೂರು ಗಂಟೆ ಬಿಡಿ. ಇಲ್ಲವೇ ವಿಮಾನದ ಟಿಕೆಟ್ಟಿನ ಜೊತೆಗೇ ರೈಲು ಸೇರಿಸಿಕೊಳ್ಳುವ ವ್ಯವಸ್ಥೆ ಬಳಸಿ. ಡ್ಯೂಸೆಲ್‌ಡಾರ್ಫ್‌ಗೆ ಬಂದಿಳಿಯುವವರಿಗೆ ಪ್ರಾದೇಶಿಕ ರೈಲಿನಲ್ಲಿ ಸುಮಾರು ಒಂದು ಗಂಟೆ.

ಪಂದ್ಯದ ವಾರಾಂತ್ಯದಲ್ಲಿ ಡಾರ್ಟ್‌ಮುಂಡ್ ಹೋಟೆಲುಗಳ ದರ ಏರುತ್ತದೆ. ಪಕ್ಕದ ಬೋಖುಮ್ ಅಥವಾ ಎಸೆನ್‌ನಲ್ಲಿ ರೈಲು ನಿಲ್ದಾಣಕ್ಕೆ ಹತ್ತಿರ ಕೋಣೆ ಹಿಡಿದರೆ ಏನೂ ನಷ್ಟವಿಲ್ಲ. ಬೋಖುಮ್ ಹತ್ತು ಹನ್ನೆರಡು ನಿಮಿಷ, ಎಸೆನ್ ಅರ್ಧ ಗಂಟೆಯೊಳಗೆ.

ಟಿಕೆಟ್ ಎಲ್ಲಿದೆ, ಯಾರ ಕೈಯಲ್ಲಿದೆ

ಲೆಕ್ಕ ಹೀಗಿದೆ. ಸೀಸನ್ ಟಿಕೆಟ್ಟುಗಳೇ ಸುಮಾರು 55,000. ಲೀಗಿನ ನಿಯಮದಂತೆ ಶೇಕಡಾ 10ರಷ್ಟು ಜಾಗ ಎದುರಾಳಿ ತಂಡದ ಅಭಿಮಾನಿಗಳಿಗೆ, ಅಂದರೆ ಸುಮಾರು 8,000. ಉಳಿಯುವುದು ಹದಿನೆಂಟು ಸಾವಿರದ ಆಸುಪಾಸು. ಅದರಲ್ಲೇ ಪ್ರಾಯೋಜಕರಿಗೂ ಪಾಲು ಹೋಗಬೇಕು. ಮಿಕ್ಕಿದ್ದಕ್ಕೆ ಮೊದಲ ಹಕ್ಕು ಕ್ಲಬ್ಬಿನ ಸದಸ್ಯರದು, ಅವರ ಸಂಖ್ಯೆ ಎರಡು ಲಕ್ಷಕ್ಕೂ ಮೇಲೆ. ಸಾರ್ವಜನಿಕರಿಗೆ ಮಾರಾಟ ತೆರೆಯುವ ಹೊತ್ತಿಗೆ ಯಾಕೆ ಏನೂ ಉಳಿದಿರುವುದಿಲ್ಲ ಎಂಬುದು ಇಷ್ಟರಲ್ಲೇ ತಿಳಿಯುತ್ತದೆ.

ಹಾಗೆಂದು ದಾರಿಯೇ ಇಲ್ಲವೆಂದಲ್ಲ. ಆಟಕ್ಕೆ ಬರಲಾಗದ ಸೀಸನ್ ಟಿಕೆಟ್‌ದಾರರು ತಮ್ಮ ಜಾಗ ಬಿಟ್ಟುಕೊಡುವುದಕ್ಕೆ ಕ್ಲಬ್ಬಿನದೇ ಅಧಿಕೃತ ಮರುಮಾರಾಟ ಇದೆ. ಬಿಡಿಬಿಡಿಯಾಗಿ ಒಂದೊಂದೇ ಟಿಕೆಟ್ ಬೀಳುವುದು ಅಲ್ಲಿ, ಅದೂ ಹೆಚ್ಚಾಗಿ ಕೊನೆಯ ವಾರದಲ್ಲಿ. ಒಬ್ಬರೇ ಹೋಗುವವರಿಗೆ ಇದು ನಿಜವಾಗಿ ಕೆಲಸ ಮಾಡುತ್ತದೆ. ನಾಲ್ವರು ಪಕ್ಕಪಕ್ಕ ಕೂರಬೇಕೆಂದರೆ ಆಗದ ಮಾತು. ಖಾತೆಯನ್ನು ಮೊದಲೇ ತೆರೆದು, ಕಾರ್ಡಿನ ವಿವರ ಸೇರಿಸಿ, ಒಮ್ಮೆ ಒಳಹೊಕ್ಕು ನೋಡಿಟ್ಟಿರಿ. ಟಿಕೆಟ್ ಬಿದ್ದಾಗ ಹೆಸರು ವಿಳಾಸ ತುಂಬುತ್ತ ಕೂತರೆ ಬೇರೆಯವರ ಪಾಲಾಗುತ್ತದೆ. ಒಂದು ವರ್ಷ ಮೊದಲೇ ಯೋಜಿಸುವವರು ಸದಸ್ಯತ್ವ ತೆಗೆದುಕೊಳ್ಳುವುದೇ ಜಾಣತನ. ದುಡ್ಡಿಗೆ ಹಿಂಜರಿಯದವರಿಗೆ ಊಟ ಸೇರಿದ ಹಾಸ್ಪಿಟಾಲಿಟಿ ಟಿಕೆಟ್ ಇದೆ. ಆಸನ ಒಳ್ಳೆಯದು, ತಾರೀಖು ಖಾತ್ರಿ, ಆದರೆ ಸುತ್ತಲಿನವರು ಕೂತು ನೋಡುವವರು, ಹಾಡುವವರಲ್ಲ.

ಬಾಯರ್ನ್ ಮ್ಯೂನಿಕ್ ಪಂದ್ಯದ ಆಸೆ ಬಿಡಿ. ಪಟ್ಟಿಯ ಕೆಳಗಿನ ಅರ್ಧದಲ್ಲಿರುವ ತಂಡದ ಎದುರು, ಭಾನುವಾರ ರಾತ್ರಿ ನಡೆಯುವ ಪಂದ್ಯ ಆರಿಸಿ. ಹಳದಿ ಗೋಡೆ ಎದುರಾಳಿ ಯಾರೆಂದು ನೋಡಿ ತುಂಬುವುದಲ್ಲ. ಸಣ್ಣ ತಂಡ ಬಂದರೂ ಸದ್ದು ಅಷ್ಟೇ.

ಟಿಕೆಟ್ ಕೊಳ್ಳುವಾಗ ಎರಡು ಜರ್ಮನ್ ಮಾತುಗಳ ಮೇಲೆ ಕಣ್ಣಿಡಿ. 'ಎರ್ಮೇಸಿಗ್ಟ್' ಎಂದಿದ್ದರೆ ಅದು ಮಕ್ಕಳು, ವಿದ್ಯಾರ್ಥಿಗಳು ಮುಂತಾದವರ ರಿಯಾಯಿತಿ ದರ. ಪುರಾವೆ ಇಲ್ಲದೆ ಅದನ್ನು ಹಿಡಿದು ಹೋದರೆ ಗೇಟಿನಲ್ಲಿ ತಡೆಯುತ್ತಾರೆ, ವ್ಯತ್ಯಾಸದ ಹಣ ತುಂಬಬೇಕಾಗುತ್ತದೆ. 'ಗಾಸ್ಟ್' ಎಂದಿದ್ದರೆ ಅದು ಎದುರಾಳಿ ಅಭಿಮಾನಿಗಳ ಭಾಗ, ಹಳದಿ ಅಂಗಿ ತೊಟ್ಟು ಅಲ್ಲಿಗೆ ಕಾಲಿಡುವ ಹಾಗಿಲ್ಲ. ಇನ್ನು ಅನಧಿಕೃತ ತಾಣಗಳ ಟಿಕೆಟ್ಟುಗಳನ್ನು ಕ್ಲಬ್ ಪತ್ತೆ ಮಾಡಿ ರದ್ದುಪಡಿಸಬಹುದು. ಗೇಟಿನ ಯಂತ್ರ ಕೆಂಪು ದೀಪ ತೋರಿಸಿದ ಮೇಲೆ ಕೊಟ್ಟ ದುಡ್ಡಿನ ಬಗ್ಗೆ ಅಲ್ಲಿ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಎಲ್ಲಿ ಕೂರಬೇಕು

1974ರ ವಿಶ್ವಕಪ್ಪಿಗೆಂದು ಕಟ್ಟಿದ ಕ್ರೀಡಾಂಗಣ ಇದು. ಕಲೋನ್ ನಗರ ಹಿಂದೆ ಸರಿದದ್ದರಿಂದ ಡಾರ್ಟ್‌ಮುಂಡ್‌ಗೆ ಅವಕಾಶ ಬಂತು. ಖರ್ಚು ಹಿಡಿತದಲ್ಲಿಡಲು ಮೊದಲೇ ಎರಕ ಹೊಯ್ದ ಕಾಂಕ್ರೀಟ್ ಭಾಗಗಳನ್ನು ತಂದು ಜೋಡಿಸಿದರು. ಆ ಕಾಲದ ದೊಡ್ಡ ಕ್ರೀಡಾಂಗಣಗಳ ಹಾಗೆ ಸುತ್ತ ಓಟದ ಪಥ ಹಾಕಲಿಲ್ಲ. ಪಕ್ಕದಲ್ಲೇ 1926ರ ರೋಟೆ ಎರ್ಡೆ ಕ್ರೀಡಾಂಗಣ ಓಟದ ಪಥ ಸಮೇತ ಇತ್ತಲ್ಲ. ಇಂದು ಇಲ್ಲಿ ಕೂತವರಿಗೆ ಮೈದಾನ ಅಷ್ಟು ಹತ್ತಿರ ಕಾಣುವುದಕ್ಕೆ ಆ ತೀರ್ಮಾನವೇ ಕಾರಣ. 1990ರ ದಶಕದಲ್ಲಿ ಸ್ಟ್ಯಾಂಡುಗಳನ್ನು ಮೇಲಕ್ಕೇರಿಸಿದರು, 2003ರ ಹೊತ್ತಿಗೆ ನಾಲ್ಕೂ ಮೂಲೆಗಳನ್ನು ಮುಚ್ಚಿದರು. ಚಾವಣಿಯನ್ನು ಎತ್ತಿ ಹಿಡಿದ 62 ಮೀಟರ್ ಎತ್ತರದ ಎಂಟು ಹಳದಿ ಕಂಬಗಳು ಊರಿನ ಬಹು ದೂರಕ್ಕೆ ಕಾಣುತ್ತವೆ. ಮೂಲೆಗಳು ಮುಚ್ಚಿ ಚಾವಣಿ ತಗ್ಗಾಗಿರುವುದರಿಂದ ಸದ್ದು ಹೊರಗೆ ಹೋಗದೆ ಒಳಗೇ ಸುತ್ತುತ್ತದೆ.

ದಕ್ಷಿಣ ಸ್ಟ್ಯಾಂಡ್ 100 ಮೀಟರ್ ಅಗಲ, 52 ಮೀಟರ್ ಆಳ, ಮೇಲ್ಭಾಗದಲ್ಲಿ 37 ಡಿಗ್ರಿಯವರೆಗೆ ಕಡಿದಾದ ಇಳಿಜಾರು. ಇದರ ಪೂರ್ಣ ರೂಪ ಕಾಣಬೇಕೆಂದರೆ ಉತ್ತರ ಸ್ಟ್ಯಾಂಡಿನ ಮೇಲಂತಸ್ತೇ ಸರಿಯಾದ ಜಾಗ. ಪಂದ್ಯಕ್ಕೆ ಮುಂಚೆ ಬಾವುಟಗಳು ಏಳುವುದು, ಕೈಗಳೆಲ್ಲ ಒಟ್ಟಿಗೆ ಮೇಲಕ್ಕೆ ಹೋಗುವುದು, ದೊಡ್ಡ ಪಂದ್ಯಗಳಲ್ಲಿ ಇಡೀ ಸ್ಟ್ಯಾಂಡಿಗೆ ಹಾಸುವ ಚಿತ್ರಪಟ, ಎಲ್ಲವೂ ಕಣ್ಣಿಗೆ ನೇರ. ಕೊರತೆಯೆಂದರೆ ಎದುರಾಳಿ ಅಭಿಮಾನಿಗಳೂ ಇರುವುದು ಇದೇ ಉತ್ತರದ ಬದಿಯಲ್ಲಿ. ಅವರ ಹಾಡು ಕಿವಿಗೆ ಹತ್ತಿರ, ಗೋಡೆಯ ಹಾಡು ದೂರ. ಇನ್ನೊಂದು, ಡಾರ್ಟ್‌ಮುಂಡ್ ತಂಡ ಸಾಧ್ಯವಾದಾಗಲೆಲ್ಲ ದ್ವಿತೀಯಾರ್ಧದಲ್ಲಿ ದಕ್ಷಿಣದ ಗೋಲಿನತ್ತ ಆಡುವುದನ್ನು ಇಷ್ಟಪಡುತ್ತದೆ. ಕೊನೆಯ ಹೊತ್ತಿನ ಗೋಲುಗಳು ಉತ್ತರದಿಂದ ನೋಡುವವರಿಗೆ ಮೈದಾನದ ಆ ತುದಿಯಲ್ಲಿ ಆಗುತ್ತವೆ.

ಎಲ್ಲ ತೂಗಿ ನೋಡಿದರೆ ನಮ್ಮ ಆಯ್ಕೆ ಪೂರ್ವ ಸ್ಟ್ಯಾಂಡ್, ಅದರಲ್ಲೂ ದಕ್ಷಿಣಕ್ಕೆ ವಾಲಿದ ಬ್ಲಾಕುಗಳು, ನಡುವಿನಿಂದ ಮೇಲಿನ ಸಾಲು. ಮೈದಾನದ ಉದ್ದ ಪೂರ್ತಿ ಕಾಣುತ್ತದೆ, ತಲೆ ತಿರುಗಿಸಿದರೆ ಗೋಡೆ ಓರೆಯಾಗಿ ಮೇಲಕ್ಕೇರಿದ್ದು ಕಾಣುತ್ತದೆ, ಹಾಡು ಬಂದು ಅಪ್ಪಳಿಸುತ್ತದೆ. ಒಂದೇ ತೊಂದರೆ ಬಿಸಿಲು. ಪೂರ್ವದವರು ಪಶ್ಚಿಮಕ್ಕೆ ಮುಖ ಮಾಡಿ ಕೂತಿರುವುದರಿಂದ ಮಧ್ಯಾಹ್ನ 3.30ರ ಪಂದ್ಯದ ದ್ವಿತೀಯಾರ್ಧದಲ್ಲಿ ಸೂರ್ಯ ಕಣ್ಣಿಗೆ ಬೀಳಬಹುದು. ಟೋಪಿ ಇರಲಿ. ಆಟಗಾರರ ಬೆಂಚುಗಳಿರುವ ಪಶ್ಚಿಮ ಸ್ಟ್ಯಾಂಡಿನಲ್ಲಿ ಆ ಕಾಟವಿಲ್ಲ, ಆದರೆ ಅಲ್ಲಿ ಗಂಭೀರ ಜನ ಹೆಚ್ಚು. ಯಾವ ಕಡೆಯಾದರೂ ಮೊದಲ ನಾಲ್ಕೈದು ಸಾಲು ಬೇಡ. ಆಟಗಾರರು ಹತ್ತಿರ ಕಾಣುತ್ತಾರೆ ನಿಜ, ಆದರೆ ಮೈದಾನ ಚಪ್ಪಟೆಯಾಗಿ, ಆ ಬದಿಯಲ್ಲಿ ಏನು ನಡೆಯುತ್ತಿದೆ ಎಂಬುದೇ ತಿಳಿಯುವುದಿಲ್ಲ. ಮೂಲೆಯ ಆಸನ ಕೊಳ್ಳುವಾಗ ನೋಟಕ್ಕೆ ಅಡ್ಡಿಯಿದೆ ಎಂಬ ಅರ್ಥದ 'ಜಿಖ್ಟ್‌ಬೆಹಿಂಡರುಂಗ್' ಸೂಚನೆ ಇದೆಯೇ ನೋಡಿಕೊಳ್ಳಿ.

ಇಷ್ಟಾದ ಮೇಲೂ ದಕ್ಷಿಣದಲ್ಲೇ ನಿಲ್ಲಬೇಕೆನ್ನುವವರಿಗೆ, ಅಧಿಕೃತವಾಗಿ ಸಿಕ್ಕರೆ ದರ 20 ಯೂರೋ ಆಸುಪಾಸು. ಯುರೋಪಿನ ದೊಡ್ಡ ಕ್ಲಬ್ಬುಗಳಲ್ಲಿ ಇಷ್ಟು ಅಗ್ಗದ ಜಾಗ ಬೇರೆಡೆ ಕಾಣುವುದು ಕಷ್ಟ, ಆ ವಿಷಯಕ್ಕೆ ಈ ಕ್ಲಬ್ಬನ್ನು ಮನಸಾರೆ ಮೆಚ್ಚಬೇಕು. ಟಿಕೆಟ್ಟಿನಲ್ಲಿ ಬ್ಲಾಕ್ ಮಾತ್ರ ಇರುತ್ತದೆ, ನಿಲ್ಲುವ ಜಾಗಕ್ಕೆ ಸಂಖ್ಯೆಯಿಲ್ಲ. ಬೇಗ ಬಂದವರಿಗೆ ಒಳ್ಳೆಯ ಜಾಗ. ಗೋಲಿನ ನೇರ ಹಿಂದಿನ 12, 13ನೆಯ ಬ್ಲಾಕುಗಳು ಅಲ್ಟ್ರಾ ಎಂಬ ಕಟ್ಟಾ ಅಭಿಮಾನಿ ಗುಂಪುಗಳ ನೆಲೆ. ಅಲ್ಲಿ ಬಾವುಟಗಳ ನಡುವೆ ಅರ್ಧ ಪಂದ್ಯ ಕಾಣುವುದಿಲ್ಲ, ತೊಂಬತ್ತು ನಿಮಿಷವೂ ಹಾಡಬೇಕು. ಫೋನ್ ಎತ್ತಿ ಚಿತ್ರೀಕರಿಸುತ್ತ ನಿಂತವರನ್ನು ಅಲ್ಲಿ ಸಹಿಸುವುದಿಲ್ಲ, ಅವರ ಪಕ್ಷವೇ ಸರಿ ಎನ್ನಬೇಕು, ಅದು ಅವರ ಮನೆ. ಪಕ್ಕದ ಬ್ಲಾಕುಗಳ ಮೇಲಿನ ಮೆಟ್ಟಿಲುಗಳಲ್ಲಿ ನೋಟ ಚೆನ್ನಾಗಿದೆ. ಅಲ್ಲಲ್ಲಿ ನೂಕುನುಗ್ಗಲು ತಡೆಯುವ ಕಬ್ಬಿಣದ ಅಡ್ಡಪಟ್ಟಿಗಳಿವೆ. ಅದಕ್ಕೆ ಒರಗಿ, ಅದು ನಿಮ್ಮ ಬೆನ್ನಿಗೆ ಬರುವಂತೆ ನಿಲ್ಲಿ. ಆಗ ಗೋಲಾದಾಗ ಹಿಂದಿನಿಂದ ಬರುವ ತಳ್ಳಾಟ ನಿಮ್ಮನ್ನು ಮುಟ್ಟದು. ಗೋಲಾದರೆ ಬಿಯರ್ ಮಳೆ ಸುರಿಯುತ್ತದೆ, ಒದ್ದೆಯಾದರೆ ಬೇಸರಪಡದಂಥ ಬಟ್ಟೆ ಹಾಕಿ. ನಡುವೆ ಶೌಚಾಲಯಕ್ಕೆ ಹೋದರೆ ಅದೇ ಜಾಗಕ್ಕೆ ಮರಳುವುದು ಬಹುತೇಕ ಆಗದು. ಮಂಡಿ ನೋವಿರುವವರಿಗೆ, ಸಣ್ಣ ಮಕ್ಕಳಿಗೆ ಈ ಸ್ಟ್ಯಾಂಡ್ ಸಲ್ಲದು.

ಪಂದ್ಯದ ದಿನ

ಕ್ರೀಡಾಂಗಣಕ್ಕೆ ಮೂರು ಹೆಸರು. 2005ರವರೆಗೆ ಅದು ವೆಸ್ಟ್‌ಫಾಲನ್‌ಸ್ಟಾಡಿಯೋನ್. ಆ ಹೊತ್ತಿಗೆ ಕ್ಲಬ್ ದಿವಾಳಿಯ ಅಂಚಿಗೆ ಬಂದಿತ್ತು, ಹೆಸರಿನ ಹಕ್ಕನ್ನು ವಿಮಾ ಕಂಪನಿಯೊಂದಕ್ಕೆ ಕೊಟ್ಟು ಸಿಗ್ನಲ್ ಇಡುನಾ ಪಾರ್ಕ್ ಆಯಿತು. ಯುರೋಪಿನ ಫುಟ್‌ಬಾಲ್ ಒಕ್ಕೂಟವಾದ ಯುಯೆಫಾದ ಪಂದ್ಯಗಳಲ್ಲಿ ಪ್ರಾಯೋಜಕರ ಹೆಸರಿಗೆ ಅವಕಾಶವಿಲ್ಲದ ಕಾರಣ ಬಿವಿಬಿ ಸ್ಟಾಡಿಯೋನ್, ಬಿವಿಬಿ ಎಂದರೆ ಕ್ಲಬ್ಬಿನ ಕಿರುಹೆಸರು. ಮೂರೂ ಒಂದೇ ಜಾಗ, ನಕ್ಷೆಯಲ್ಲಿ ಗಲಿಬಿಲಿ ಬೇಡ.

ಡಾರ್ಟ್‌ಮುಂಡ್ ಮುಖ್ಯ ರೈಲು ನಿಲ್ದಾಣದ ಕೆಳಗಿನಿಂದ ಯು45 ನಗರ ರೈಲು ಹತ್ತಿದರೆ ಪಂದ್ಯದ ದಿನ 'ಸ್ಟಾಡಿಯೋನ್' ನಿಲ್ದಾಣದವರೆಗೇ ಹೋಗುತ್ತದೆ. ವೆಸ್ಟ್‌ಫಾಲನ್‌ಹಾಲನ್‌ನಲ್ಲಿ ಇಳಿದು ನಡೆಯುವುದೂ ಸುಲಭ. 'ಸಿಗ್ನಲ್ ಇಡುನಾ ಪಾರ್ಕ್' ಎಂಬ ಸಣ್ಣ ರೈಲು ನಿಲ್ದಾಣವೂ ಪಕ್ಕದಲ್ಲೇ ಇದೆ. ಇದಕ್ಕೆಲ್ಲ ಬೇರೆ ಟಿಕೆಟ್ ಕೊಳ್ಳುವ ಮೊದಲು ಪಂದ್ಯದ ಟಿಕೆಟ್ಟಿನ ಮೇಲೆ ಈ ಪ್ರದೇಶದ ಸಾರಿಗೆ ಒಕ್ಕೂಟವಾದ ವಿಆರ್‌ಆರ್‌ನ ಗುರುತು ನೋಡಿ. ಅದಿದ್ದರೆ ಆ ದಿನ ಡ್ಯೂಸೆಲ್‌ಡಾರ್ಫ್, ಎಸೆನ್, ಬೋಖುಮ್ ಒಳಗೊಂಡ ಪ್ರದೇಶದ ಸ್ಥಳೀಯ ರೈಲು, ಟ್ರಾಮ್, ಬಸ್ಸುಗಳಿಗೆ ಅದೇ ಟಿಕೆಟ್ ಸಾಕು. ಐಸಿಇ, ಐಸಿ ರೈಲುಗಳಿಗೆ ನಡೆಯದು.

ಕಾಲಿಗೆ ಶಕ್ತಿಯಿದ್ದರೆ ನಡೆದೇ ಹೋಗಿ. ಊರ ನಡುವಿನ ಆಲ್ಟರ್ ಮಾರ್ಕ್ಟ್ ಚೌಕದಲ್ಲಿ ಬೆಳಿಗ್ಗೆಯಿಂದಲೇ ಹಳದಿ ಜನ ಸೇರಿರುತ್ತಾರೆ. ಅಲ್ಲಿಂದ ಹೋಹೆ ಸ್ಟ್ರಾಸೆ ಹಿಡಿದು ದಕ್ಷಿಣಕ್ಕೆ, ಕ್ರಾಯ್ಟ್ಸ್‌ಫಿಯರ್ಟೆಲ್ ಬಡಾವಣೆಯ ಪಬ್ಬುಗಳ ಪಕ್ಕದಲ್ಲಿ ಸಾಗಿದರೆ ಮುಕ್ಕಾಲು ಗಂಟೆಯೊಳಗೆ ತಲುಪುತ್ತೀರಿ. ದಾರಿ ಕೇಳುವುದೇ ಬೇಡ, ಜನಪ್ರವಾಹವೇ ಕರೆದೊಯ್ಯುತ್ತದೆ. ಬಟ್ಟೆಯ ವಿಷಯದಲ್ಲಿ ಒಂದು ಎಚ್ಚರಿಕೆ: ನೀಲಿ-ಬಿಳಿ ಬಣ್ಣ ಪಕ್ಕದ ಊರಿನ ಬದ್ಧ ಎದುರಾಳಿ ಷಾಲ್ಕೆಯದು. ಬೆಂಗಳೂರು ಎಫ್‌ಸಿಯ ನೀಲಿ ಅಂಗಿಯ ಮೇಲೆ ಎಷ್ಟೇ ಅಭಿಮಾನವಿದ್ದರೂ ಅಂದು ಹೋಟೆಲಿನಲ್ಲಿ ಬಿಡಿ.

ಎ4 ಹಾಳೆಗಿಂತ ದೊಡ್ಡ ಚೀಲ ಒಳಗೆ ಬಿಡುವುದಿಲ್ಲ. ಬೆನ್ನಿನ ಚೀಲ, ಸೆಲ್ಫಿ ಕೋಲು, ಉದ್ದ ಛತ್ರಿ, ದೊಡ್ಡ ಲೆನ್ಸಿನ ಕ್ಯಾಮೆರಾ ಎಲ್ಲ ಕೋಣೆಯಲ್ಲೇ ಇರಲಿ. ರೈಲು ನಿಲ್ದಾಣದ ಲಾಕರುಗಳು ಪಂದ್ಯದ ದಿನ ಬೇಗ ತುಂಬುತ್ತವೆ, ಅದನ್ನು ನೆಚ್ಚಿಕೊಂಡು ಪೆಟ್ಟಿಗೆ ಎಳೆದು ತರಬೇಡಿ. ಟಿಕೆಟ್ ಫೋನಿನಲ್ಲಿದ್ದರೆ ಹೋಟೆಲಿನಲ್ಲೇ ಇಳಿಸಿಟ್ಟುಕೊಳ್ಳಿ. ಎಂಬತ್ತು ಸಾವಿರ ಫೋನುಗಳು ಒಂದೆಡೆ ಸೇರಿದಾಗ ಗೇಟಿನ ಹತ್ತಿರ ಇಂಟರ್ನೆಟ್ ನಿಂತುಹೋಗುತ್ತದೆ. ಚಳಿಗೆ ಬ್ಯಾಟರಿಯೂ ಬೇಗ ಇಳಿಯುತ್ತದೆ. ಡಿಸೆಂಬರಿನಿಂದ ಫೆಬ್ರುವರಿವರೆಗೆ ಸಂಜೆಯ ಉಷ್ಣತೆ ಸೊನ್ನೆಯಿಂದ ಐದು ಡಿಗ್ರಿ, ಕಾಂಕ್ರೀಟಿನ ಮೇಲೆ ಮೂರು ಗಂಟೆ ಇರಬೇಕು. ಜಾಕೆಟ್ಟಿಗಿಂತ ದಪ್ಪ ಅಡಿಯ ಬೂಟು, ಉಣ್ಣೆಯ ಕಾಲುಚೀಲ ಮುಖ್ಯ.

ಒಳಗೆ ಕಾರ್ಡಿನಲ್ಲೇ ವ್ಯವಹಾರ ಎಂದುಕೊಂಡು ಸಿದ್ಧರಾಗಿ. ಯುಪಿಐ ಅಲ್ಲಿ ಇಲ್ಲ, ರುಪೇ ಕಾರ್ಡನ್ನೂ ನಂಬಬೇಡಿ. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ಬಳಕೆಯೂ, ತಾಗಿಸಿ ಪಾವತಿಸುವ ಸೌಲಭ್ಯವೂ ಮುಚ್ಚಿಯೇ ಇರುತ್ತವೆ. ಎರಡನ್ನೂ ಹೊರಡುವ ಮೊದಲು ಬ್ಯಾಂಕಿನ ಆ್ಯಪಿನಲ್ಲಿ ತೆರೆಯಿರಿ. ವಿದೇಶಿ ಬಳಕೆಯನ್ನು ತೆರೆದು ತಾಗಿಸುವುದನ್ನು ಮರೆತವರು ಬಿಯರ್ ಸಾಲಿನಲ್ಲಿ ಪರದಾಡುತ್ತಾರೆ.

ತಿನ್ನುವುದರಲ್ಲಿ ಬ್ರಾಟ್‌ವುರ್ಸ್ಟ್ ರಾಜ. ಸುಟ್ಟ ಸಾಸೇಜು, ಬನ್ನು, ಮೇಲೆ ಸಾಸಿವೆಯ ಗೊಜ್ಜು. ಸಾಮಾನ್ಯವಾಗಿ ಹಂದಿಮಾಂಸದ್ದು, ತಿನ್ನದವರು ತಿಳಿದಿರಿ. ಸಸ್ಯಾಹಾರಿಗಳಿಗೆ ಪೊಮ್ಮೆಸ್, ಅಂದರೆ ಆಲೂಗಡ್ಡೆ ಫ್ರೈಸ್, ಮತ್ತು ಹೆಣೆದ ಆಕಾರದ ಬ್ರೆಡ್ಡಾದ ಬ್ರೆಟ್ಸೆಲ್ ಇದ್ದೇ ಇರುತ್ತವೆ. ಫ್ರೈಸ್ ಜೊತೆ ಕೊಡುವ ಮೇಯನೇಸಿನಲ್ಲಿ ಮೊಟ್ಟೆ ಇರುವುದರಿಂದ ಕೆಚಪ್ ಕೇಳಿ. ಹೊಟ್ಟೆ ತುಂಬುವ ಊಟ ಬೇಕೆಂದರೆ ಊರಲ್ಲೇ ಮುಗಿಸಿಕೊಂಡು ಬರುವುದು ಒಳ್ಳೆಯದು. ಬಿಯರ್ ಬ್ರಿಂಕ್‌ಹಾಫ್ಸ್, ಇಂಗ್ಲೆಂಡಿನ ಹಾಗಲ್ಲದೆ ಲೋಟ ಹಿಡಿದು ಆಸನಕ್ಕೆ ಹೋಗಬಹುದು. ಲೋಟಕ್ಕೆ ಠೇವಣಿ ಇರುತ್ತದೆ, ಮರಳಿಸಿದರೆ ಹಣ ವಾಪಸ್. ವಿರಾಮದ ಹದಿನೈದು ನಿಮಿಷದಲ್ಲಿ ಸಾಲು ಮುಗಿಯುವುದಿಲ್ಲ, ನಲವತ್ತನೆಯ ನಿಮಿಷಕ್ಕೆ ಏಳಬೇಕು, ಇಲ್ಲವೇ ಆಸೆ ಬಿಡಬೇಕು. ಅಂಗಡಿಗಳ ಮುಂದಿನ, ಶೌಚಾಲಯಗಳ ಮುಂದಿನ ಈ ಇಕ್ಕಟ್ಟು ಕ್ರೀಡಾಂಗಣದ ನಿಜವಾದ ದೌರ್ಬಲ್ಯ. ಹಳೆಯ ಕಟ್ಟಡಕ್ಕೆ ಮೇಲೆ ಮೇಲೆ ಜನ ಸೇರಿಸುತ್ತ ಹೋದರು, ಓಣಿಗಳು ಅದಕ್ಕೆ ತಕ್ಕಂತೆ ಅಗಲವಾಗಲಿಲ್ಲ.

ಆಟಕ್ಕೆ ಕನಿಷ್ಠ ಮುಕ್ಕಾಲು ಗಂಟೆ ಮುಂಚೆ ಆಸನದಲ್ಲಿರಿ. ತಂಡ ಪ್ರಕಟಿಸುವಾಗ ಆಟಗಾರನ ಮೊದಲ ಹೆಸರನ್ನು ಧ್ವನಿವರ್ಧಕದಲ್ಲಿ ಕೂಗುತ್ತಾರೆ, ಮನೆತನದ ಹೆಸರನ್ನು ಇಡೀ ಕ್ರೀಡಾಂಗಣ ಕೂಗುತ್ತದೆ. ವರ್ಷಾನುಗಟ್ಟಲೆ ಆ ದನಿ ನಾರ್ಬರ್ಟ್ ಡಿಕಲ್ ಅವರದು. 1989ರ ಜರ್ಮನ್ ಕಪ್ ಫೈನಲಿನಲ್ಲಿ ಬ್ರೆಮೆನ್ ಎದುರು ಎರಡು ಗೋಲು ಹೊಡೆದ ಆಟಗಾರ. ಗೋಲಾದ ಮೇಲೆ ಅವರು 'ಡಾಂಕೆ' ಅಂದರೆ ಜನ 'ಬಿಟ್ಟೆ' ಅನ್ನುತ್ತಾರೆ. ಇಷ್ಟು ಕಲಿತರೆ ನೀವೂ ಅವರಲ್ಲೊಬ್ಬರು. ಕೊನೆಯ ಸೀಟಿ ಊದಿದ ಕೂಡಲೇ ಏಳಬೇಡಿ. ಆಟಗಾರರು ದಕ್ಷಿಣ ಸ್ಟ್ಯಾಂಡಿನ ಮುಂದೆ ಬಂದು ನಿಲ್ಲುವುದನ್ನು ನೋಡಿ, ಅಷ್ಟರಲ್ಲಿ ಮೊದಲ ನೂಕಾಟವೂ ಕಳೆಯುತ್ತದೆ. 'ಸ್ಟಾಡಿಯೋನ್' ನಿಲ್ದಾಣದಲ್ಲಿ ಜನರನ್ನು ತಡೆತಡೆದು ಒಳಗೆ ಬಿಡುವುದರಿಂದ ಕಾಯುವುದು ದೀರ್ಘ. ಲಿಂಡೆಮಾನ್ ಸ್ಟ್ರಾಸೆಯಲ್ಲಿ ಉತ್ತರಕ್ಕೆ ನಡೆದು ಮ್ಯೋಲರ್‌ಬ್ರ್ಯೂಕೆ ನಿಲ್ದಾಣದಲ್ಲಿ ಯು42 ಹಿಡಿಯುವುದು ಒಳ್ಳೆಯದು. ಶುಕ್ರವಾರ ರಾತ್ರಿಯ ಪಂದ್ಯ ಮುಗಿಯುವಾಗ 10.20 ದಾಟಿರುತ್ತದೆ, ಹೊರ ಊರಿನಲ್ಲಿ ತಂಗಿದವರು ಕೊನೆಯ ರೈಲುಗಳ ಸಮಯ ಮೊದಲೇ ನೋಡಿಟ್ಟಿರಬೇಕು.

ಉಳಿದ ದಿನಗಳಿಗೆ

ಮಾರ್ಗದರ್ಶಿ ಸಮೇತ ಕ್ರೀಡಾಂಗಣ ಸುತ್ತಾಟಕ್ಕೆ ಪಂದ್ಯವಿಲ್ಲದ ದಿನ ಹೋಗಿ. ಇಂಗ್ಲಿಷ್ ಸುತ್ತುಗಳು ಜರ್ಮನ್ ಸುತ್ತುಗಳಿಗಿಂತ ಕಡಿಮೆ, ಮುಂಗಡ ಕಾದಿರಿಸಿ. ಖಾಲಿ ದಕ್ಷಿಣ ಸ್ಟ್ಯಾಂಡಿನ ಮೇಲೆ ನಿಂತು ಕೆಳಗೆ ನೋಡಿದರೆ ಆ ಇಳಿಜಾರಿನ ಅಂದಾಜು ಸಿಗುತ್ತದೆ. ಗೋಡೆಯೊಳಗೆ ಟಿಕೆಟ್ ಸಿಗದವರಿಗೆ ಅಲ್ಲಿ ನಿಲ್ಲುವ ಅವಕಾಶವೂ ಇದೇ. 2008ರಲ್ಲಿ ತೆರೆದ ಬೊರೂಸೆಯಂ ಎಂಬ ಕ್ಲಬ್ಬಿನ ವಸ್ತುಸಂಗ್ರಹಾಲಯ ಕ್ರೀಡಾಂಗಣದೊಳಗೇ ಇದೆ, ಚಿಕ್ಕದು, ಒಂದು ಗಂಟೆ ಸಾಕು. 1966ರಲ್ಲಿ ಕಪ್ ವಿನ್ನರ್ಸ್ ಕಪ್ ಗೆದ್ದು, ಯುರೋಪ್ ಮಟ್ಟದ ಟ್ರೋಫಿ ಎತ್ತಿದ ಮೊದಲ ಜರ್ಮನ್ ಕ್ಲಬ್ ಆದದ್ದು, 1997ರಲ್ಲಿ ಯುವೆಂಟಸ್ ಎದುರು 3-1ರಿಂದ ಚಾಂಪಿಯನ್ಸ್ ಲೀಗ್ ಗೆದ್ದದ್ದು ಎಲ್ಲವೂ ಅಲ್ಲಿ ಬರುತ್ತವೆ. ರೈಲು ನಿಲ್ದಾಣದ ಎದುರಿಗಿರುವ ಜರ್ಮನ್ ಫುಟ್‌ಬಾಲ್ ಮ್ಯೂಸಿಯಂ ಇದಕ್ಕಿಂತ ಬಹಳ ದೊಡ್ಡದು, ಮಳೆಯ ದಿನಕ್ಕೆ ಇಟ್ಟುಕೊಳ್ಳಿ. ಕ್ಲಬ್ ಹುಟ್ಟಿದ ಬೋರ್ಸಿಗ್‌ಪ್ಲಾಟ್ಸ್ ವೃತ್ತಕ್ಕೆ ಯು44 ಹೋಗುತ್ತದೆ. ನೋಡಲು ಸಾಧಾರಣ ಬಡಾವಣೆ, 1909ರ ಡಿಸೆಂಬರಿನಲ್ಲಿ ಉಕ್ಕಿನ ಕಾರ್ಖಾನೆಗಳ ಮಗ್ಗುಲಲ್ಲಿ ಈ ಕ್ಲಬ್ ಶುರುವಾದದ್ದು ಅಲ್ಲಿ.

ಜರ್ಸಿ, ಸ್ಕಾರ್ಫ್ ಕೊಳ್ಳುವುದನ್ನು ಪಂದ್ಯದ ದಿನಕ್ಕೆ ಉಳಿಸಬೇಡಿ, ಕ್ರೀಡಾಂಗಣದ ಪಕ್ಕದ ಫ್ಯಾನ್‌ವೆಲ್ಟ್ ಅಂಗಡಿಯಲ್ಲಿ ಅಂದು ಕಾಲಿಡಲೂ ಜಾಗವಿರುವುದಿಲ್ಲ. ಭಾನುವಾರ ಊರಿನ ಅಂಗಡಿಗಳು ಮುಚ್ಚಿರುತ್ತವೆ. ಒಂದೇ ಬಿಲ್ಲು 50 ಯೂರೋ ದಾಟಿದರೆ ಯುರೋಪ್ ಒಕ್ಕೂಟದ ಹೊರಗಿನವರು ಮಾರಾಟ ತೆರಿಗೆಯನ್ನು ವಾಪಸ್ ಕೇಳಬಹುದು. ಬಿಲ್ ಹಾಕುವಾಗಲೇ ಪಾಸ್‌ಪೋರ್ಟ್ ತೋರಿಸಿ ರಫ್ತಿನ ನಮೂನೆ ತೆಗೆದುಕೊಳ್ಳಿ, ಬಟ್ಟೆಗಳ ಚೀಟಿ ಕೀಳಬೇಡಿ, ಫ್ರಾಂಕ್‌ಫರ್ಟ್‌ನಲ್ಲಿ ಸಾಮಾನು ಒಳಗೆ ಹಾಕುವ ಮುಂಚೆಯೇ ಕಸ್ಟಮ್ಸ್ ಮುದ್ರೆ ಹಾಕಿಸಿಕೊಳ್ಳಿ.